ಷಡ್ಡಕನ ಬೋರ್ಡು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಮೊಟ್ಟೆಗಳನ್ನು ತೂಕ ನೋಡಿ ಬೇರ್ಪಡಿಸುವ ಯಂತ್ರ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಕಂಟ್ರೋಲ್ ಪ್ಯಾನೆಲ್ ವಿಭಾಗ ನೋಡಿಕೊಳ್ಳುತ್ತಿದ್ದರು. ಯಾರಾದರೂ ಹೋಗಿ "ಈ ತಂತಿ ಎಲ್ಲಿಗೆ ಕೊಡ್ಲಿ ಸಾರ್?" ಎಂದು ಕೇಳಿದರೆ ಸಾಕು, ವಿದ್ಯುತ್ತು ಹುಟ್ಟಿದ ದಿನದಿಂದ ಪಾಠ ಶುರುವಾಗುತ್ತಿತ್ತು. ಕೇಳಿದವನ ಊಟದ ಹೊತ್ತು ಮೀರಿದರೂ ತಂತಿ ಮಾತ್ರ ಸೇರುವ ಜಾಗ ಸೇರುತ್ತಿರಲಿಲ್ಲ. ಹಾಗಾಗಿ ಆ ಹೆಸರು ಬಿತ್ತು, ಬಿದ್ದದ್ದು ಅಂಟಿಕೊಂಡಿತು. ಅವರಿಗೂ ಅದು ಇಷ್ಟವೇ ಇತ್ತು.

ಆ ಯಂತ್ರದ ಕೆಲಸ ನೋಡಲು ಚೆಂದ. ಉರುಳೆಗಳ ಮೇಲೆ ಮೊಟ್ಟೆಗಳು ಸಾಲಾಗಿ ಬರುತ್ತವೆ. ಒಂದೊಂದೂ ಪುಟ್ಟ ತಕ್ಕಡಿಯ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕೂತು ಮುಂದೆ ಹೋಗುತ್ತದೆ. ದಪ್ಪದ್ದು, ನಡುವಿನದು, ಸಣ್ಣದು ಎಂದು ಅದರದರ ತಟ್ಟೆಯ ಎದುರು ಬಂದಾಗ ರಬ್ಬರ್ ತುದಿಯ ಒಂದು ಕೈ ಚಾಚಿ, ಮಗುವನ್ನು ತೊಟ್ಟಿಲಿಗೆ ಸರಿಸಿದ ಹಾಗೆ, ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಅಂಥವು ಎಂಟು ಕೈ. ಯಾವ ಮೊಟ್ಟೆಗೆ ಯಾವ ಕೈ ಏಳಬೇಕೆಂದು ಹೇಳುವುದು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು.

ಒಂಬತ್ತು ವರ್ಷದ ಹಿಂದೆ ಆ ಬೋರ್ಡನ್ನು ಆರಿಸಿದವರು ಮೇಷ್ಟ್ರೇ. ಬೆಲೆ ಜಾಸ್ತಿ, ಆದರೆ ಕಾರ್ಖಾನೆಗೆಂದೇ ಮಾಡಿದ ಗಟ್ಟಿ ಮಾಲು. ಹದಿನೈದು ವರ್ಷ ಇದೇ ಬೋರ್ಡು ಇದೇ ರೂಪದಲ್ಲಿ ಸಿಗುತ್ತದೆ ಎಂದು ತಯಾರಕರು ಬರೆದುಕೊಟ್ಟಿದ್ದರು. ಆ ಪತ್ರಕ್ಕೆ ಮೇಷ್ಟ್ರು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಫೈಲಿನಲ್ಲಿ ಮೊದಲ ಪುಟವಾಗಿ ಇಟ್ಟಿದ್ದರು. ನೂರ ನಲವತ್ತು ಯಂತ್ರಗಳು ಆ ಪತ್ರದ ಮೇಲೆ ನಂಬಿಕೆಯಿಟ್ಟು ಕೋಳಿ ಫಾರಂಗಳಿಗೆ ಹೋದವು.

ಒಂಬತ್ತನೇ ವರ್ಷ ಆ ಕಂಪನಿ ಕೈ ಬದಲಾಯಿತು. ಕೊಂಡವರು ನಾಲ್ಕೇ ಸಾಲು ಬರೆದರು: ಈ ಬೋರ್ಡು ಇನ್ನು ಮಾಡುವುದಿಲ್ಲ, ದಾಸ್ತಾನು ಮುಗಿದಿದೆ, ಬದಲಿ ಬೋರ್ಡು ಇಲ್ಲ, ನಿಮ್ಮ ಸಹಕಾರಕ್ಕೆ ಧನ್ಯವಾದ. ಮೇಷ್ಟ್ರು ಆ ನಾಲ್ಕು ಸಾಲನ್ನು ಹತ್ತು ಸಲ ಓದಿದರು. ಬೈಯಬೇಕೆಂದರೆ ಎದುರಿಗೆ ಯಾರೂ ಇರಲಿಲ್ಲ.

ಅವರ ಷಡ್ಡಕನ ವಿಷಯ ಇಲ್ಲೇ ಹೇಳಿಬಿಡಬೇಕು. ಹೆಂಡತಿಯ ತಂಗಿಯ ಗಂಡ. ಬೀದಿ ಮೂಲೆಯಲ್ಲಿ ಕನ್ನಡಕದ ಅಂಗಡಿ, ಮನೆಯಲ್ಲಿ ಎಲ್ಲರೂ ಕನ್ನಡಕದವನು ಎಂದೇ ಕರೆಯುತ್ತಿದ್ದರು. ಗಾಜು ಉಜ್ಜಿ ಉಳಿದ ಹೊತ್ತಿನಲ್ಲಿ ಅವನಿಗೆ ಒಂದೇ ಹುಚ್ಚು: ಹವ್ಯಾಸಿಗಳು ಕೊಳ್ಳುವ, ಅಗ್ಗದ, ಬರಿಮೈ ಕಂಪ್ಯೂಟರ್ ಬೋರ್ಡುಗಳು. ಮೀನಿನ ತೊಟ್ಟಿಗೊಂದು, ಕೈತೋಟದ ನೀರಿಗೊಂದು, ಸುಮ್ಮನೆ ಇರಲಿ ಎಂದು ಇನ್ನೊಂದು.

"ಆಟದ ಸಾಮಾನಪ್ಪ ಇದು," ಎಂದು ಮೇಷ್ಟ್ರು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. "ಕಾರ್ಖಾನೆ ಧೂಳು, ಶಾಖ ತಡೆಯುತ್ತಾ? ಇವತ್ತು ಸಿಕ್ಕಿದ್ದು ನಾಳೆ ಸಿಗುತ್ತಾ?"

"ಅದೂ ನಿಜಾನೇ ಭಾವ," ಎನ್ನುತ್ತಿದ್ದ ಅವನು. ಎದುರಾಡುತ್ತಿರಲಿಲ್ಲ. ಮೇಷ್ಟ್ರಿಗೆ ಅದೇ ಆಗುತ್ತಿರಲಿಲ್ಲ. ಎದುರಾಡುವವನನ್ನು ಸೋಲಿಸಬಹುದು, ತಲೆಯಾಡಿಸುವವನನ್ನು ಏನು ಮಾಡುವುದು?

ಮಾವನ ಮನೆಗೆ ಆರು ವರ್ಷ ಅವರೊಬ್ಬರೇ ಅಳಿಯ. ದೀಪ ಉರಿಯದಿದ್ದರೆ, ನಲ್ಲಿ ಸೋರಿದರೆ, ಟೀವಿ ಮುನಿಸಿಕೊಂಡರೆ ಅತ್ತೆ ಫೋನು ಮಾಡುತ್ತಿದ್ದದ್ದು ಇವರಿಗೆ. ಕನ್ನಡಕದವನು ಬಂದಮೇಲೆ ಫೋನು ಬರುವುದು ನಿಂತಿತು. ಏನಾದರೂ ಕೆಡುವ ಮೊದಲೇ ಅವನು ಸರಿಮಾಡಿ ಹೋಗಿರುತ್ತಿದ್ದ. ಮಾವನಿಗೆ ಕಿವಿ ಮಂದವಾದಾಗ, ಬಾಗಿಲ ಗಂಟೆ ಒತ್ತಿದರೆ ಪ್ರತಿ ಕೋಣೆಯಲ್ಲೂ ದೀಪ ಮಿನುಗುವಂತೆ ಮಾಡಿಕೊಟ್ಟವನೂ ಅವನೇ. "ನಮ್ಮ ಚಿಕ್ಕಳಿಯನ ಕೈಯಲ್ಲಿ ಏನೋ ಇದೆ," ಎಂದು ಅತ್ತೆ ಅಂದಾಗಲೆಲ್ಲ ಮೇಷ್ಟ್ರು ತಮ್ಮ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ತನ್ನ ಕೈಯಲ್ಲಿ ಇಷ್ಟು ವರ್ಷ ಏನೂ ಇರಲಿಲ್ಲವೋ?

ಬೋರ್ಡು ನಿಂತುಹೋದ ಸುದ್ದಿ ಬಂದ ವಾರವೇ ಭಾನುವಾರದ ಊಟಕ್ಕೆ ಎಲ್ಲರೂ ಮಾವನ ಮನೆಯಲ್ಲಿ ಸೇರಿದರು. ಮಾವ ಗಂಟೆಯ ದೀಪ ಕೆಟ್ಟು ಮತ್ತೆ ಸರಿಯಾದ ಕತೆ ತೆಗೆದರು.

"ಹಳೇ ಬೋರ್ಡು ಸುಟ್ಟೋಗಿತ್ತು," ಎಂದ ಕನ್ನಡಕದವನು. "ಹನ್ನೊಂದು ವರ್ಷದ್ದು. ಈ ವರ್ಷದ್ದು ತಂದು ಕೂರಿಸ್ದೆ. ನಾಲ್ಕು ತೂತು ಅದೇ ಜಾಗದಲ್ಲಿ, ನಲವತ್ತು ಪಿನ್ನು ಅದೇ ಸಾಲಲ್ಲಿ. ಪ್ರೋಗ್ರಾಮಲ್ಲಿ ಎರಡು ಸಾಲು ತಿದ್ದಿದ್ದು ಬಿಟ್ರೆ ಬೇರೇನೂ ಮಾಡ್ಲಿಲ್ಲ. ಕಂಪನಿಯವ್ರು ಹೊಸದು ತಂದ್ರೂ ಹಳೇದನ್ನ ಮಾರೋದು ನಿಲ್ಸಲ್ಲ, ಹೊಸದು ಹಳೇದರ ಜಾಗಕ್ಕೆ ಸರಿಯಾಗಿ ಕೂರುತ್ತೆ."

ಮೇಷ್ಟ್ರ ಹೆಂಡತಿ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. "ಅಲ್ರೀ, ಹಾಗಾದ್ರೆ ನಿಮ್ಮ ಮೊಟ್ಟೆ ಮಿಷನ್ನಿಗೆ ಇದನ್ನೇ ಹಾಕಬಹುದಲ್ಲ?"

ಕನ್ನಡಕದವನು ತಟ್ಟೆ ನೋಡುತ್ತ, "ಅದು ಕಾರ್ಖಾನೆ ವಿಷಯ ಅಕ್ಕ, ಭಾವನಿಗೆ ಗೊತ್ತಿರುತ್ತೆ," ಎಂದ.

ಹೆಂಡತಿ ಅಂದದ್ದು ಸುಳ್ಳೆಂದು ತೋರಿಸುವುದಕ್ಕೇ ಮೇಷ್ಟ್ರು ಮರುದಿನ ಬೇರೆ ಬಡಾವಣೆಯ ಅಂಗಡಿಗೆ ಹೋಗಿ ಒಂದು ಆಟದ ಸಾಮಾನು ಕೊಂಡರು. ಬಾಗಿಲು ಹಾಕಿಕೊಂಡು, ಪರೀಕ್ಷೆಗೆಂದು ಇಟ್ಟಿದ್ದ ಹಳೇ ಯಂತ್ರಕ್ಕೆ ಅದನ್ನು ಜೋಡಿಸಿದರು. ಬಿಸಿಗಾಳಿ ಊದಿದರು, ಧೂಳೆರಚಿದರು, ಹಗಲೆಲ್ಲ ಓಡಿಸಿದರು. ಹನ್ನೊಂದು ದಿನ! ಹಾಳಾದ್ದು ಒಂದು ಮೊಟ್ಟೆಯ ಲೆಕ್ಕವನ್ನೂ ತಪ್ಪಿಸಲಿಲ್ಲ. ಸಿಕ್ಕಿದ್ದು ಒಂದೇ ಕೊಂಕು. ಸ್ವಿಚ್ಚು ಹಾಕಿದಾಗ ಬೋರ್ಡು ಎಚ್ಚರಗೊಳ್ಳಲು ಅರ್ಧ ನಿಮಿಷ ಬೇಕು. ಹಳೇ ಬೋರ್ಡಿನಲ್ಲಿ ಅಷ್ಟು ಹೊತ್ತು ಎಂಟು ಕೈಗಳೂ ಮುದುರಿಕೊಂಡಿರುತ್ತಿದ್ದವು. ಇದರಲ್ಲಿ ಎಂಟೂ ಒಟ್ಟಿಗೆ ಚಾಚಿಕೊಂಡು ನಿಲ್ಲುತ್ತಿದ್ದವು. ಮೇಷ್ಟ್ರಿಗೆ ಕಾರಣ ಹುಡುಕಲು ಒಂದು ಮಧ್ಯಾಹ್ನ ಸಾಕಾಯಿತು: ಎಚ್ಚರಗೊಳ್ಳುವ ತನಕ ಈ ಬೋರ್ಡು ಕೈಗಳ ಪಿನ್ನುಗಳನ್ನು ಹಿಡಿತದಲ್ಲಿ ಇಡುತ್ತಿರಲಿಲ್ಲ. ಎಂಟು ಪಿನ್ನುಗಳಿಗೆ, ಅವನ್ನು ತಡೆದು ಹಿಡಿಯುವ ಎಂಟು ಪುಟ್ಟ ರೆಸಿಸ್ಟರ್‌ಗಳನ್ನು ಬೆಸುಗೆ ಹಾಕಿದರು. ಅಂಗಿಯ ಗುಂಡಿಗಿಂತ ಅಗ್ಗದ ವಸ್ತು. ಕೈಗಳು ತೆಪ್ಪಗಾದವು.

ಮುಗಿಯಿತಲ್ಲ, ಹೋಗಿ ಕಾರ್ಖಾನೆಯ ಒಡತಿಗೆ ಹೇಳಬೇಕು ತಾನೆ? ಮೇಷ್ಟ್ರು ಕುರ್ಚಿಯಿಂದ ಎದ್ದರು ಕೂಡ. ಆಮೇಲೆ ಕೂತರು. ಹೇಳಿದರೆ ಮಾತು ಮಾವನ ಮನೆ ತಲುಪುತ್ತದೆ. ಅತ್ತೆ ಏನನ್ನುತ್ತಾರೆ? ‘ಚಿಕ್ಕಳಿಯ ಅವತ್ತೇ ಹೇಳಿದ್ನಲ್ಲ!’ ಆ ಒಂದು ವಾಕ್ಯ ಇನ್ನೂ ಯಾರೂ ಆಡಿರಲಿಲ್ಲ, ಆದರೂ ಅವರ ಕಿವಿಯಲ್ಲಿ ಸುಡುತ್ತಿತ್ತು. ಬೋರ್ಡನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಕೆಳಗಿನ ಡ್ರಾಯರಿನಲ್ಲಿ ಇಟ್ಟರು. ಒಡತಿಯ ಬಳಿ ಹೋಗಿ, "ಎಲ್ಲಾ ಮೊದಲಿಂದ ಮಾಡ್ಬೇಕು ಮೇಡಂ. ಒಂದೂವರೆ ವರ್ಷ ಹಿಡಿಯುತ್ತೆ," ಎಂದರು.

ಅಷ್ಟರಲ್ಲಿ ಒಂದು ಫಾರಂನ ಯಂತ್ರ ನಿಂತಿತು. ಬೋರ್ಡು ಸತ್ತಿತ್ತು, ಬದಲಿ ಇರಲಿಲ್ಲ. ಮುಂದಿನ ವಾರ ಇನ್ನೆರಡು ನಿಂತವು.

ಆಗುವುದನ್ನು ಯಾರು ತಪ್ಪಿಸುತ್ತಾರೆ? ಒಡತಿಗೆ ಓದುವ ಕನ್ನಡಕ ಬದಲಿಸಬೇಕಾಗಿ ಬಂತು. ಹೋದದ್ದು ಬೀದಿ ಮೂಲೆಯ ಅಂಗಡಿಗೇ. ಗಾಜು ಸಿದ್ಧವಾಗುವ ತನಕ ಕೂತಿದ್ದವರ ಕಣ್ಣು ಮೇಜಿನ ಮೇಲಿದ್ದ ಬೋರ್ಡಿನ ಮೇಲೆ ಬಿತ್ತು. ಇದೇನು, ಎಷ್ಟು ವರ್ಷ ಸಿಗುತ್ತದೆ, ಹೊಸದು ಬಂದರೆ ಹಳೆಯದರ ಜಾಗಕ್ಕೆ ಹೊಂದುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಮರುದಿನ ಮೇಷ್ಟ್ರನ್ನು ಕರೆದು, ಹೊಸ ಕನ್ನಡಕದೊಳಗಿಂದ ನಗುತ್ತ, "ನಿಮ್ಮ ಷಡ್ಡಕರೇ ಅಂತೆ! ಮನೇಲೇ ಇಂಥವರನ್ನ ಇಟ್ಕೊಂಡು ಹೇಳ್ಲೇ ಇಲ್ವಲ್ಲ ನೀವು? ಶನಿವಾರ ಬಂದು ತೋರಿಸ್ತಾರೆ," ಎಂದರು.

"ಸಂತೋಷ ಮೇಡಂ," ಎಂದರು ಮೇಷ್ಟ್ರು.

ಶನಿವಾರ ಕನ್ನಡಕದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಯಂತ್ರ ನಿಂತುಹೋಗಿದ್ದ ಮೊದಲ ಫಾರಂನ ಯಜಮಾನರೂ ಬಂದಿದ್ದರು. ಬೆಳಗಿನಿಂದ ಕೂತು ಕನ್ನಡಕದವನು ತಂತಿಗಳನ್ನು ಹೊಸ ಬೋರ್ಡಿಗೆ ಜೋಡಿಸಿದ. ಆ ಕೆಲಸದ ಅಚ್ಚುಕಟ್ಟು ನೋಡಿ ಮೇಷ್ಟ್ರಿಗೆ ಇನ್ನಷ್ಟು ಉರಿಯಿತು. ಗಾಜು ಕೂರಿಸುವ ಬೆರಳುಗಳು, ತಂತಿಯನ್ನೂ ಹಾಗೆಯೇ ಹಿಡಿಯುತ್ತಿದ್ದವು. ಒಂದಾದರೂ ಸೊಟ್ಟಗಿರಬಾರದಿತ್ತೇ?

ಆ ಯಂತ್ರಗಳ ಮುಚ್ಚಳದ ಮೇಲೆಲ್ಲ ಕೆಂಪಕ್ಷರದಲ್ಲಿ ಒಂದು ಮಾತು ಬರೆದಿರುತ್ತದೆ: ಮೊದಲು ಸ್ವಿಚ್ಚು ಹಾಕಿ, ಒಂದು ನಿಮಿಷ ಬಿಟ್ಟು ಮೊಟ್ಟೆ ಇಡಿ. ಬರೆಸಿದವರು ಮೇಷ್ಟ್ರೇ. ಆದರೆ ಅಂದು ಮುಚ್ಚಳ ಕಳಚಿ, ಅಕ್ಷರ ಗೋಡೆಯ ಕಡೆಗಿರುವಂತೆ ಒರಗಿಸಿತ್ತು.

"ಮೇಡಂ ಬರೋ ಹೊತ್ತಾಯ್ತು," ಎಂದರು ಮೇಷ್ಟ್ರು. ಧ್ವನಿ ಅವರದೇ ಅನ್ನಿಸಲಿಲ್ಲ. "ಮೊಟ್ಟೆ ಎಲ್ಲಾ ಜೋಡ್ಸಿಟ್ಟಿರಪ್ಪ. ಆಮೇಲೆ ಸ್ವಿಚ್ಚು ಹಾಕಿದ್ರೆ ನೋಡೋಕೆ ಚೆನ್ನಾಗಿರುತ್ತೆ."

"ಸರಿ ಭಾವ," ಎಂದ ಅವನು.

ಒಡತಿ ಬಂದು ನಿಂತರು, ಸ್ವಿಚ್ಚು ಬಿತ್ತು. ಎಂಟು ಕೈಗಳೂ ಒಟ್ಟಿಗೆ ಚಾಚಿದವು, ಚಾಚಿದಂತೆಯೇ ನಿಂತವು. ಉರುಳೆಗಳು ಮಾತ್ರ ಓಡತೊಡಗಿದವು. ಮುಂದಿನ ಮೊಟ್ಟೆ ಕೈಗೆ ಬಡಿದು ನಿಂತಿತು, ಹಿಂದಿನದು ಅದಕ್ಕೆ ಬಡಿಯಿತು, ಅದರ ಹಿಂದಿನದು ಮೇಲೇರಿತು. ಚಟಚಟ ಚಟಚಟ ಎಂದು ಎಪ್ಪತ್ತೆರಡು ಮೊಟ್ಟೆಗಳು ಒಡೆದು ತಟ್ಟೆ, ಪಟ್ಟಿ, ನೆಲವೆಲ್ಲ ಹಳದಿ. ಫಾರಂನ ಯಜಮಾನರ ಬೂಟಿನ ಮೇಲೂ ಒಂದು ಬಿತ್ತು. ಕನ್ನಡಕದವನು ಗಾಬರಿಯಲ್ಲಿ ಸ್ವಿಚ್ಚು ಆರಿಸುವುದು ಬಿಟ್ಟು ಮೊಟ್ಟೆ ಹಿಡಿಯಲು ಹೋದ. ಜೇಬಿನಿಂದ ಕನ್ನಡಕ ಒರೆಸುವ ಮೆತ್ತನೆಯ ಚೌಕ ತೆಗೆದು, ಅಷ್ಟು ದೊಡ್ಡ ಅನಾಹುತವನ್ನು ಅಷ್ಟು ಚಿಕ್ಕ ಬಟ್ಟೆಯಿಂದ ಒರೆಸತೊಡಗಿದ.

"ನನ್ನದೇ ತಪ್ಪು ಮೇಡಂ. ಎಲ್ಲೋ ನೋಡ್ಕೊಳ್ಳಲಿಲ್ಲ ನಾನು," ಎಂದ.

ಒಡತಿಯೇ ಮುಂದೆ ಬಂದು ಸ್ವಿಚ್ಚು ಆರಿಸಿದರು. ಫಾರಂನವರು ಬೂಟು ನೋಡಿಕೊಂಡು ಹೊರಟುಹೋದರು.

ಆ ಮಧ್ಯಾಹ್ನ ಮೇಷ್ಟ್ರು ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದರು. ಹೆಂಡತಿ ಮುಖ ನೋಡಿದಳು. "ಅವನಿಗೆ ಅವಮಾನ ಆಗಿದ್ದಕ್ಕೆ ನಿಮಗೆ ಹಸಿವು ಜಾಸ್ತಿ ಆದ ಹಾಗಿದೆ," ಎಂದಳು. ಮೇಷ್ಟ್ರು ನೀರು ಕುಡಿದರು.

ಸೋಮವಾರ ಸಂಜೆ ಕೆಲಸ ಮುಗಿಸಿ ಹೋಗಿದ್ದವರು ಛತ್ರಿ ಮರೆತೆನೆಂದು ವಾಪಸು ಬಂದರೆ, ಪ್ಯಾನೆಲ್ ಕೋಣೆಯಲ್ಲಿ ಕನ್ನಡಕದವನು ಕೂತಿದ್ದ. ಮುಂದಿನ ಮೇಜಿನ ಮೇಲೆ ಅವನ ಬೋರ್ಡು. ಪಕ್ಕದಲ್ಲಿ ಬಿಚ್ಚಿದ ಹಳೇ ಬಟ್ಟೆ, ಅದರ ಮೇಲೆ ಮೇಷ್ಟ್ರ ಬೋರ್ಡು, ಎಂಟು ರೆಸಿಸ್ಟರ್‌ಗಳ ಸಮೇತ.

"ಮೇಡಂ ಹತ್ರ ಕೇಳ್ಕೊಂಡೇ ಬಂದೆ ಭಾವ," ಎಂದ ಅವನು. "ನಮ್ಮ ಹವ್ಯಾಸಿಗಳ ಗುಂಪೊಂದಿದೆ, ಇಂಟರ್ನೆಟ್ಟಲ್ಲಿ. ಶನಿವಾರ ನಡೆದದ್ದನ್ನ ಬರೆದು ಕೇಳಿದ್ದೆ. ಒಂದು ಗಂಟೇಲಿ ಮೂರು ಜನ ಉತ್ತರ ಕೊಟ್ರು. ಯಾರೋ ಏನೋ, ಮುಖ ನೋಡಿದವನಲ್ಲ. ಒಬ್ಬ ಅಂತೂ ಪಾಪ ಚಿತ್ರ ಬರೆದು ಕಳ್ಸಿದಾನೆ. ಪಿನ್ನಿಗೊಂದು ರೆಸಿಸ್ಟರ್ ಹಾಕು ಅಂತ. ಇಲ್ಲಿ ಇರುತ್ತೇನೋ ಅಂತ ಡ್ರಾಯರ್ ತೆಗೆದೆ."

ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ತಾನು ತಿಂಗಳಿಂದ ನಿಧಿಯ ಹಾಗೆ ಮುಚ್ಚಿಟ್ಟು ಕಾದಿದ್ದನ್ನು ಯಾವನೋ ಮುಖ ಕಾಣದವನು ಕೇಳಿದ ಕೂಡಲೇ ಚಿತ್ರ ಬರೆದು ಕೊಟ್ಟುಬಿಟ್ಟಿದ್ದ.

"ಮುಚ್ಚಳದ ಮೇಲೆ ಬರೆದಿರೋದೂ ಈಗ ಓದ್ದೆ," ಎಂದ ಕನ್ನಡಕದವನು, ಮೆಲ್ಲಗೆ. "ಮೊದಲು ಸ್ವಿಚ್ಚು, ಆಮೇಲೆ ಮೊಟ್ಟೆ."

ಮೇಷ್ಟ್ರು ಮೂಲೆಯಲ್ಲಿದ್ದ ಛತ್ರಿ ಕೈಗೆತ್ತಿಕೊಂಡರು.

ಅವನು ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡ. ಮೇಷ್ಟ್ರ ಬೋರ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಇದ್ದಲ್ಲೇ ಇಟ್ಟು, ಡ್ರಾಯರ್ ಮುಚ್ಚಿದ. "ನಾನು ಮೇಡಂಗೆ ಏನೂ ಹೇಳಲ್ಲ. ಅಕ್ಕನಿಗೂ ಹೇಳಲ್ಲ. ನೀವೇ ಕಂಡುಹಿಡಿದ್ರಿ ಅಂತ ನಾಳೆ ತೋರ್ಸಿ. ಅದು ಹೇಗೂ ನಿಜಾನೇ ಅಲ್ವಾ."

ಬೈದಿದ್ದರೆ ಆಗುತ್ತಿತ್ತು. ಕೊರಳಪಟ್ಟಿ ಹಿಡಿದಿದ್ದರೆ ಇನ್ನೂ ವಾಸಿ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಮೇಷ್ಟ್ರಿಗೆ ಒಂದೇ ಯೋಚನೆ: ಇಷ್ಟು ದಿನ ಕೈಚಳಕದಲ್ಲಿ ಗೆದ್ದ, ಈಗ ದೊಡ್ಡತನದಲ್ಲೂ ಗೆಲ್ಲುತ್ತಿದ್ದಾನೆ. ಇನ್ನು ಪ್ರತಿ ಭಾನುವಾರ ಎದುರು ಕೂತು, ತಟ್ಟೆ ನೋಡುತ್ತ, ಏನೂ ಹೇಳದೆ ಉಣ್ಣುತ್ತಾನೆ. ಅವನು ಹೇಳದೇ ಇರುವುದನ್ನು ತಾನು ಜೀವಮಾನವಿಡೀ ಕೇಳಿಸಿಕೊಳ್ಳಬೇಕು. ಆ ಋಣ ಮಾತ್ರ ಬೇಡಪ್ಪಾ ಬೇಡ!

ಹಾಗಾಗಿ ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಒಡತಿಯ ಕೋಣೆಗೆ ಹೋಗಿ ನಿಜ ಹೇಳಿದರು. ಪಶ್ಚಾತ್ತಾಪ ಒಂದು ಪಾಲಿದ್ದರೆ ಹೊಟ್ಟೆಕಿಚ್ಚು ಮೂರು ಪಾಲಿತ್ತು. ಆದರೂ ಹೇಳಿದ್ದೆಲ್ಲ ನಿಜವೇ. ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು, ಅಂಗಡಿಗೆ ಹೋದದ್ದು, ಹನ್ನೊಂದು ದಿನ, ಎಂಟು ರೆಸಿಸ್ಟರ್, ಶನಿವಾರ ಮೊಟ್ಟೆ ಮೊದಲು ಇಡಿಸಿದ್ದು, ಯಾವುದನ್ನೂ ಬಿಡಲಿಲ್ಲ.

ಒಡತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನದಿಂದ ಇದೆ ಇದು ನಿಮ್ಮ ಹತ್ರ?"

"ಒಂದು ತಿಂಗಳ ಮೇಲಾಯ್ತು ಮೇಡಂ."

"ಆ ಫಾರಂ ಮಿಷನ್ನು ನಿಂತು?"

"ಐದನೇ ವಾರ."

"ನಾಲ್ಕು ಜನ ಹೆಂಗಸರು ಬೆಳಗಿಂದ ಸಂಜೆ ತನಕ ಕೈಯಲ್ಲಿ ಮೊಟ್ಟೆ ತೂಗ್ತಿದ್ದಾರೆ ಅಲ್ಲಿ. ನಿಮಗೆ ಷಡ್ಡಕರನ್ನ ಕಂಡ್ರೆ ಆಗಲ್ಲ ಅಂತ ಅವ್ರ ಕೈ ಯಾಕೆ ನೋಯಬೇಕು ಮೇಷ್ಟ್ರೇ?"

ಮೇಷ್ಟ್ರನ್ನು ಒಡತಿ ಕೆಲಸದಿಂದ ತೆಗೆಯಲಿಲ್ಲ. ಯಂತ್ರದ ನರನಾಡಿ ಬಲ್ಲವರು ಅವರೊಬ್ಬರೇ. ಆದರೆ ನೂರ ನಲವತ್ತು ಯಂತ್ರಗಳ ಬೋರ್ಡು ಬದಲಿಸುವ ಕೆಲಸವನ್ನು ಒಡತಿ ಕನ್ನಡಕದವನ ಕೈಗೆ ಕೊಟ್ಟರು. "ಈ ಕೆಲಸದಲ್ಲಿ ಅವ್ರು ಹೇಳಿದ ಹಾಗೆ ನೀವು ಮಾಡ್ಬೇಕು," ಎಂದರು. ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿ ಮಾಡಿಸಿದವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಮೊದಲು ಹೋದದ್ದು ಆ ಫಾರಂಗೇ. ಉದ್ದನೆ ಕೊಟ್ಟಿಗೆ, ಒಣಗಿದ ಹಿಕ್ಕೆಯ ವಾಸನೆ, ಮೂಲೆಯಲ್ಲಿ ನಾಲ್ಕು ತಕ್ಕಡಿ, ನಾಲ್ಕು ಜನ. ಅವರಲ್ಲಿ ಹಿರಿಯಳು ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಂಡಿದ್ದಳು. "ಬಂದ್ರಾ ಸ್ವಾಮಿ? ಕೋಳಿಗಳಿಗೂ ಹೇಳಿ ನೋಡಿದ್ವಿ, ಮಿಷನ್ ಬರೋ ತನಕ ತಡ್ಕೊಳ್ರೇ ಅಂತ. ಅವು ಕೇಳ್ಲಿಲ್ಲ," ಎಂದಳು. ಉಳಿದವರು ನಕ್ಕರು. ಮೇಷ್ಟ್ರು ಯಂತ್ರದ ಕೆಳಗೆ ತೂರಿಕೊಂಡರು, ಅಲ್ಲಿ ಮಾಡುವ ಕೆಲಸ ಏನೂ ಇಲ್ಲದಿದ್ದರೂ.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಓಡಿತು. ಹಿರಿಯಳು ಮಣಿಕಟ್ಟಿನ ಬಟ್ಟೆ ಬಿಚ್ಚುವುದನ್ನು ಮೇಷ್ಟ್ರು ನೋಡಿದರು.

ಹೊರಗೆ ನೆರಳಲ್ಲಿ ಕೂತಾಗ ಕನ್ನಡಕದವನು ಹೇಳಿದ: "ಈ ಬೋರ್ಡು ಇನ್ನೂ ಹತ್ತು ವರ್ಷ ಸಿಗುತ್ತೆ ಅಂತ ಕಂಪನಿಯವ್ರು ಹೇಳಿದ್ದಾರೆ ಭಾವ."

"ನನಗೆ ಹದಿನೈದು ಅಂತ ಬರೆದೇ ಕೊಟ್ಟಿದ್ರು," ಎಂದರು ಮೇಷ್ಟ್ರು. ಎಷ್ಟೋ ದಿನದ ಮೇಲೆ ಅವರ ಪಾಠದ ಧ್ವನಿ ಮರಳಿತ್ತು. "ಮಾತನ್ನ ನಂಬಬೇಡಪ್ಪ. ತಂತಿ ನೇರ ಬೋರ್ಡಿಗೆ ಕೊಡೋದೇ ತಪ್ಪು. ನಡುವೆ ನಮ್ಮದೇ ಒಂದು ಚಿಕ್ಕ ಬೋರ್ಡು ಇರಲಿ. ರೆಸಿಸ್ಟರ್ ಅಲ್ಲೇ ಕೂರಲಿ. ಮಿಷನ್ನಿನ ತಂತಿ ಎಲ್ಲಾ ಅದಕ್ಕೆ ಬರಲಿ, ಅದರ ತಲೆ ಮೇಲೆ ನಿನ್ನದು ಕೂರಲಿ. ನಾಳೆ ನಿನ್ನದೂ ಕೈ ಕೊಟ್ರೆ, ಮೇಲಿನದು ಕಿತ್ತು ಬೇರೆ ಹಾಕೋದು. ಕೆಳಗಿಂದು ಮುಟ್ಟೋ ಹಾಗೇ ಇಲ್ಲ. ಐವತ್ತು ಬೋರ್ಡು ಹೆಚ್ಚಿಗೆ ಈಗಲೇ ತಂದು ಕಪಾಟಲ್ಲಿ ಇಡ್ಸು, ಆ ಐವತ್ತು ಮುಗಿಯೋದ್ರೊಳಗೆ ಬೇರೆ ದಾರಿ ಹುಡುಕೋಕೆ ಟೈಮ್ ಇರುತ್ತೆ."

ಕನ್ನಡಕದವನು ಬಾಯಿ ಬಿಟ್ಟುಕೊಂಡು ಕೇಳಿದ. "ಇದು ನನಗೆ ಹೊಳೀಲೇ ಇಲ್ಲ ಭಾವ. ನಾನು ಯಾವತ್ತೂ ಒಂದೊಂದೇ ಮಾಡಿದವನು. ನೂರ ನಲವತ್ತು ಅಂದ್ರೆ ಹೇಗಿರುತ್ತೆ ಅಂತ ಗೊತ್ತಿಲ್ಲ."

ಮೇಷ್ಟ್ರಿಗೆ ಒಳಗೆಲ್ಲೋ ತಣ್ಣಗಾಯಿತು. ಸುಳ್ಳು ಏಕೆ ಹೇಳಬೇಕು, ಚೆನ್ನಾಗಿಯೇ ತಣ್ಣಗಾಯಿತು. ಅದು ನಾಲ್ಕು ದಿನ ಬಾಳಿತು.

ಐದನೇ ದಿನ ಹೆಂಡತಿ ಫೋನು ತಂದು ಕೈಗಿಟ್ಟಳು. ಹವ್ಯಾಸಿಗಳ ಆ ಗುಂಪಿನಲ್ಲಿ ಕನ್ನಡಕದವನು ಇಡೀ ಕತೆ ಬರೆದಿದ್ದ. ಮೊಟ್ಟೆ ಒಡೆದದ್ದು ತನ್ನ ತಪ್ಪೆಂದೇ ಹಾಕಿಕೊಂಡಿದ್ದ. ರೆಸಿಸ್ಟರ್ ಮೊದಲೇ ಕಂಡುಹಿಡಿದವರೂ, ನಡುವಿನ ಬೋರ್ಡಿನ ಉಪಾಯ ಹೇಳಿದವರೂ ನಮ್ಮ ಭಾವ ಎಂದು ಬರೆದು ನಕ್ಷೆಯನ್ನೂ ಹಾಕಿದ್ದ. ಮೇಷ್ಟ್ರು ಎರಡು ಸಲ ಓದಿದರು. ಮುಖ ಅರಳಿತು. ಕೆಳಗೆ ಸರಿಸಿದರೆ ನಲವತ್ತು ಜನ ಮೆಚ್ಚಿ ಬರೆದಿದ್ದರು. ಮೊದಲನೆಯವನು ಬರೆದಿದ್ದ: ಇನ್ನೊಬ್ಬರು ಮಾಡಿದ್ದನ್ನು ಇಷ್ಟು ಮನಸ್ಸು ಬಿಚ್ಚಿ ಹೇಳುವವರು ಅಪರೂಪ, ನೀವು ದೊಡ್ಡ ಮನುಷ್ಯರು. ಎರಡನೆಯವನೂ ಅದನ್ನೇ ಬರೆದಿದ್ದ. ಮೂರನೆಯವನೂ ಅಷ್ಟೇ.

"ನೋಡಿದ್ಯಾ?" ಎಂದರು ಮೇಷ್ಟ್ರು. "ನಕ್ಷೆ ನಂದು, ದೊಡ್ಡ ಮನುಷ್ಯ ಅವನು!"

"ಅಯ್ಯೋ, ಈ ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ ಬಿಡಿ," ಎಂದಳು ಹೆಂಡತಿ, ನಗು ತಡೆಯಲಾಗದೆ.

ಮೇಷ್ಟ್ರು ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆರನೇ ಪಿನ್ನು ಇರಬೇಕಾದಲ್ಲಿ ಏಳು ಎಂದು ಬರೆದಿದ್ದ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಈ ಗುಂಪಿಗೆ ಸೇರೋದು ಹೇಗೆ, ಸ್ವಲ್ಪ ತೋರ್ಸು," ಎಂದರು. ಸೇರಿದ ಮೇಲೆ, ಒಂದೇ ಬೆರಳಿನಲ್ಲಿ, ಒಂದು ತಾಸು ಹಿಡಿದು, ಮೇಷ್ಟ್ರು ತಮ್ಮ ಮೊದಲ ಸಾಲು ಬರೆದರು: ‘ಮೇಲಿನ ನಕ್ಷೆಯಲ್ಲಿ ಒಂದು ತಪ್ಪಿದೆ. ಕಾರಣ ತಿಳಿಯಬೇಕಾದರೆ ಮೊದಲಿಂದ ಹೇಳಬೇಕಾಗುತ್ತದೆ.’

ಹತ್ತು ನಿಮಿಷದಲ್ಲಿ ಏಳು ಜನ ‘ದಯವಿಟ್ಟು ಹೇಳಿ’ ಎಂದರು. ಅವರಲ್ಲಿ ಮೊದಲು ಕೇಳಿದವನು ಕನ್ನಡಕದವನೇ. ಅದೊಂದು ಮೇಷ್ಟ್ರಿಗೆ ಸ್ವಲ್ಪ ಕಿರಿಕಿರಿಯಾಯಿತು. ಆದರೂ ಶುರುಮಾಡಿದರು.